ಡೌನ್‌ಟೌನ್ ಪುನರಭಿವೃದ್ಧಿ ಮತ್ತು ಪಾರ್ಕಿಂಗ್: ಅಮೆರಿಕದಲ್ಲಿ ಆಸ್ತಿ ಹಕ್ಕಿನ ವಿವಾದಗಳು

ಅಮೆರಿಕದ ನಗರಗಳಲ್ಲಿ ಡೌನ್‌ಟೌನ್ ಎಂದು ಕರೆಯುವ ಹಳೆಯ ಪೇಟೆ ಪ್ರದೇಶಗಳನ್ನು ಹೊಸದಾಗಿ ಕಟ್ಟಲು ಹೊರಟಾಗ ಅಂಗಡಿಕಾರರು, ನಿವೇಶನದ ಒಡೆಯರು ಮತ್ತು ಸ್ಥಳೀಯ ಸರ್ಕಾರಗಳ ನಡುವೆ ಎದ್ದ ಕಾನೂನು ತಕರಾರುಗಳ ಇತಿಹಾಸವಿದು. ಈ ವ್ಯಾಜ್ಯಗಳಲ್ಲಿ ಪಾರ್ಕಿಂಗ್ ಎರಡು ರೀತಿಯಲ್ಲಿ ಕಾಣಿಸಿಕೊಳ್ಳುತ್ತದೆ. ಕೆಲವೆಡೆ ಅದು ವ್ಯಾಪಾರಿ ಕಳೆದುಕೊಂಡ ಅನುಕೂಲ. ಇನ್ನು ಕೆಲವೆಡೆ ಅವನ ಜಾಗವನ್ನು ವಶಪಡಿಸಿಕೊಳ್ಳಲು ಸರ್ಕಾರ ಮುಂದಿಟ್ಟ ಕಾರಣ. ನೆಲದ ಒಡೆತನಕ್ಕೆ ಸಿಕ್ಕ ಕಾನೂನಿನ ರಕ್ಷಣೆ, ಅಂಗಡಿಯ ಮುಂದೆ ಗಿರಾಕಿಯ ಕಾರು ನಿಲ್ಲುವ ಸೌಕರ್ಯಕ್ಕೆ ಸಾಮಾನ್ಯವಾಗಿ ಸಿಗಲಿಲ್ಲ. ವರ್ತಕರ ಅಸಮಾಧಾನದ ಬಹುಪಾಲು ಈ ಅಂತರದಿಂದ ಹುಟ್ಟಿದ್ದು.

ಕಾನೂನಿನ ತಳಹದಿ

1791ರಲ್ಲಿ ಜಾರಿಗೆ ಬಂದ ಸಂವಿಧಾನದ ಐದನೆಯ ತಿದ್ದುಪಡಿಯ ಪ್ರಕಾರ, ಸರ್ಕಾರ ಖಾಸಗಿ ಆಸ್ತಿಯನ್ನು ಸಾರ್ವಜನಿಕ ಬಳಕೆಗೆ ತೆಗೆದುಕೊಂಡರೆ ನ್ಯಾಯವಾದ ಪರಿಹಾರ ಕೊಡಬೇಕು. ಈ ನಿಯಮಕ್ಕೆ ರಾಜ್ಯಗಳೂ ನಗರಗಳೂ ಒಳಪಡುತ್ತವೆ ಎಂಬುದು ಸ್ಥಿರವಾದದ್ದು 1897ರಲ್ಲಿ. ಷಿಕಾಗೊ ನಗರ ರೈಲು ಹಳಿಗಳ ಮೇಲೆ ಹಾಯುವಂತೆ ರಸ್ತೆ ತೆರೆದ ಆ ಪ್ರಕರಣದಲ್ಲಿ ರೈಲ್ವೆ ಕಂಪನಿಗೆ ದೊರೆತ ಪರಿಹಾರ 1 ಡಾಲರ್. ಅದಕ್ಕೂ ಮೊದಲು, 1882ರಲ್ಲಿ, ನ್ಯೂಯಾರ್ಕ್ ರಾಜ್ಯದ ಮೇಲ್ಮನವಿ ನ್ಯಾಯಾಲಯ ಎತ್ತರಿಸಿದ ರೈಲುಮಾರ್ಗದ ಪ್ರಕರಣವೊಂದರಲ್ಲಿ ರಸ್ತೆಯಂಚಿನ ಕಟ್ಟಡದ ಒಡೆಯನಿಗೆ ಬೆಳಕು, ಗಾಳಿ ಮತ್ತು ರಸ್ತೆಗೆ ಹೋಗಿಬರುವ ಹಕ್ಕು ಇದೆ ಎಂದು ಒಪ್ಪಿತ್ತು. ವಾಹನ ನಿಲ್ಲಿಸುವ ಹಕ್ಕು ಈ ಸಾಲಿಗೆ ಸೇರಲಿಲ್ಲ.

ಕಾರಿನ ಆಗಮನ

ಕಾರುಗಳು ಹೆಚ್ಚಿದಂತೆ ಪೇಟೆಯ ರಸ್ತೆಗಳು ಇಕ್ಕಟ್ಟಾದವು. 1923ರಲ್ಲಿ ಓಹಾಯೊದ ಕೊಲಂಬಸ್ ನಗರ, ಅಪಾರ್ಟ್‌ಮೆಂಟ್ ಕಟ್ಟುವವರು ಪಾರ್ಕಿಂಗ್ ಜಾಗವನ್ನೂ ಒದಗಿಸಬೇಕೆಂದು ನಿಯಮ ಮಾಡಿತು. 1935ರ ಜುಲೈನಲ್ಲಿ ಓಕ್ಲಹೋಮ ಸಿಟಿಯಲ್ಲಿ ಮೊದಲ ಪಾರ್ಕಿಂಗ್ ಮೀಟರ್ ನಿಂತಿತು. ಹಗಲಿಡೀ ಒಂದೇ ಕಾರು ಬೀಡುಬಿಡದೆ, ಅಂಗಡಿಗೆ ಬರುವವರಿಗೆ ಸರದಿಯಲ್ಲಿ ಜಾಗ ಸಿಗಲಿ ಎಂಬುದು ಅದರ ಉದ್ದೇಶವಾಗಿತ್ತು.

ಎರಡನೆಯ ಮಹಾಯುದ್ಧದ ನಂತರ ವ್ಯಾಪಾರ ಹೊರವಲಯಕ್ಕೆ ಸರಿಯಿತು. ವಾಸ್ತುಶಿಲ್ಪಿ ವಿಕ್ಟರ್ ಗ್ರುಯೆನ್ ವಿನ್ಯಾಸಗೊಳಿಸಿ 1956ರಲ್ಲಿ ಮಿನೆಸೋಟದ ಎಡೈನಾದಲ್ಲಿ ತೆರೆದ ಸೌತ್‌ಡೇಲ್‌ನಂಥ ಮಾಲ್‌ಗಳು ವಿಶಾಲವಾದ ಉಚಿತ ಪಾರ್ಕಿಂಗ್ ಕೊಟ್ಟವು. ಇದಕ್ಕೆ ಪೈಪೋಟಿ ಕೊಡಲು ಡೌನ್‌ಟೌನ್‌ಗಳು ಎರಡು ದಾರಿ ಹಿಡಿದವು: ಕಟ್ಟಡ ಕೆಡವಿ ಪಾರ್ಕಿಂಗ್ ಮಾಡುವುದು, ಇಲ್ಲವೇ ವಾಹನ ತಡೆದು ರಸ್ತೆಯನ್ನೇ ಮಾಲ್ ಮಾಡುವುದು. ಎರಡನೆಯದಕ್ಕೆ ಮಿಷಿಗನ್‌ನ ಕ್ಯಾಲಮಜೂ 1959ರಲ್ಲಿ ಮುನ್ನುಡಿ ಬರೆಯಿತು. ಕ್ಯಾಲಿಫೋರ್ನಿಯದ ಫ್ರೆಸ್ನೊ ನಗರ 1964ರಲ್ಲಿ ಪಾದಚಾರಿಗಳಿಗೆ ಬಿಟ್ಟುಕೊಟ್ಟ ಫುಲ್ಟನ್ ರಸ್ತೆಯಲ್ಲಿ ವ್ಯಾಪಾರ ಕ್ರಮೇಣ ಸೊರಗಿತು. 2017ರಲ್ಲಿ ಅಲ್ಲಿ ಮತ್ತೆ ವಾಹನಗಳಿಗೆ ದಾರಿ ಬಿಡಲಾಯಿತು.

ನಗರ ನವೀಕರಣ

1949ರ ವಸತಿ ಕಾಯ್ದೆಯ ಅಡಿಯಲ್ಲಿ, ಕೊಳೆಗೇರಿ ತೆರವು ಯೋಜನೆಗಳ ನಿವ್ವಳ ವೆಚ್ಚದ ಮೂರನೆಯ ಎರಡು ಭಾಗವನ್ನು ಕೇಂದ್ರ ಸರ್ಕಾರ ಭರಿಸತೊಡಗಿತು. ವಾಷಿಂಗ್ಟನ್ ನಗರದ ನೈಋತ್ಯ ಭಾಗದಲ್ಲಿ ಇಂಥ ಯೋಜನೆಗೆ ಸಿಕ್ಕಿಬಿದ್ದ ಡಿಪಾರ್ಟ್‌ಮೆಂಟ್ ಸ್ಟೋರ್ ಒಂದರ ಪರವಾಗಿ ವ್ಯಾಜ್ಯ ಹೂಡಲಾಯಿತು. ತಮ್ಮ ಕಟ್ಟಡ ಶಿಥಿಲವಾಗಿಲ್ಲ, ಒಬ್ಬರಿಂದ ಕಿತ್ತು ಇನ್ನೊಬ್ಬ ಖಾಸಗಿಯವರಿಗೆ ಕೊಡುವುದು ಸಾರ್ವಜನಿಕ ಬಳಕೆಯಲ್ಲ ಎಂಬುದು ವಾದ. 1954ರ ಬರ್ಮನ್ ವಿರುದ್ಧ ಪಾರ್ಕರ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸರ್ವಾನುಮತದಿಂದ ತಳ್ಳಿಹಾಕಿತು. ಇಡೀ ಪ್ರದೇಶವನ್ನು ಒಂದಾಗಿ ನೋಡಬಹುದು, ಪ್ರತಿಯೊಂದು ಕಟ್ಟಡವೂ ಕೆಟ್ಟಿದೆಯೆಂದು ತೋರಿಸಬೇಕಿಲ್ಲ ಎಂದು ನ್ಯಾಯಮೂರ್ತಿ ವಿಲಿಯಂ ಡಗ್ಲಸ್ ಬರೆದರು. ಈ ತೀರ್ಪಿನ ನಂತರ ಸುಸ್ಥಿತಿಯ ಅಂಗಡಿಯೂ ನವೀಕರಣದ ನಕ್ಷೆಯೊಳಗೆ ಬಿದ್ದರೆ ಉಳಿಯುವ ಭರವಸೆ ಇಲ್ಲದಾಯಿತು.

ಪಾರ್ಕಿಂಗ್‌ಗಾಗಿ ಸ್ವಾಧೀನ

ಸಾರ್ವಜನಿಕ ಪಾರ್ಕಿಂಗ್ ಕಟ್ಟಲು ಭೂಮಿ ಪಡೆಯುವುದನ್ನು ನ್ಯಾಯಾಲಯಗಳು ಹೆಚ್ಚಾಗಿ ಒಪ್ಪಿದವು. ತಕರಾರು ಬಿಗಿಯಾದದ್ದು ಆ ಪಾರ್ಕಿಂಗ್‌ನ ಲಾಭ ನಿರ್ದಿಷ್ಟ ಉದ್ಯಮಕ್ಕೆ ಸೇರುವಾಗ. ಈ ವಿಷಯದಲ್ಲಿ ಮೂರು ಪ್ರಕರಣಗಳು ಮುಖ್ಯ.

ಅಟ್ಲಾಂಟಿಕ್ ಸಿಟಿಯಲ್ಲಿ ಟ್ರಂಪ್ ಪ್ಲಾಜಾ ಕ್ಯಾಸಿನೊ ಪಕ್ಕದ ಒಂದು ಮನೆ, ಒಂದು ರೆಸ್ಟೋರೆಂಟ್ ಮತ್ತು ಒಂದು ಚಿನ್ನದಂಗಡಿಯನ್ನು ರಾಜ್ಯದ ಪ್ರಾಧಿಕಾರ ವಶಪಡಿಸಿಕೊಳ್ಳಲು ಹೊರಟಿತು. ಲಿಮೊಸಿನ್ ನಿಲ್ಲಿಸುವ ಜಾಗ ಯೋಜನೆಯ ಒಂದು ಭಾಗವಾಗಿತ್ತು. ಆ ನೆಲವನ್ನು ಕ್ಯಾಸಿನೊ ಮುಂದೆ ಬೇರೆ ಉಪಯೋಗಕ್ಕೆ ತಿರುಗಿಸದಂತೆ ಕಟ್ಟುಪಾಡಿಲ್ಲ ಎಂದು ಕಂಡ ನ್ಯೂಜೆರ್ಸಿ ನ್ಯಾಯಾಲಯ 1998ರಲ್ಲಿ ಸ್ವಾಧೀನವನ್ನು ತಡೆಯಿತು.

ಲಾಸ್ ವೇಗಸ್ ಡೌನ್‌ಟೌನ್‌ನಲ್ಲಿ ಫಲಿತಾಂಶ ತಿರುವುಮುರುವು. 1995ರಲ್ಲಿ ತೆರೆದ ಫ್ರೀಮಾಂಟ್ ಸ್ಟ್ರೀಟ್ ಎಕ್ಸ್‌ಪೀರಿಯನ್ಸ್ ಎಂಬ ಮನರಂಜನಾ ಬೀದಿಗೆ ಪಾರ್ಕಿಂಗ್ ಗ್ಯಾರೇಜ್ ಕಟ್ಟಲು ನಗರದ ಸಂಸ್ಥೆ 1993ರಲ್ಲಿ ಪಪ್ಪಾಸ್ ಕುಟುಂಬದ ವಾಣಿಜ್ಯ ಜಾಗವನ್ನು ತೆಗೆದುಕೊಂಡಿತ್ತು. ಕೆಳ ನ್ಯಾಯಾಲಯ ಕುಟುಂಬದ ಪರ ನಿಂತಿತು. ನೆವಾಡದ ಸುಪ್ರೀಂ ಕೋರ್ಟ್ 2003ರಲ್ಲಿ ನಗರದ ಪರ ತೀರ್ಪಿತ್ತಿತು. ಮರುವರ್ಷ 45 ಲಕ್ಷ ಡಾಲರ್‌ಗೆ ರಾಜಿಯಾಯಿತು.

ಇಲಿನಾಯ್‌ನ ಗೇಟ್‌ವೇ ರೇಸ್‌ಟ್ರ್ಯಾಕ್ ಪ್ರಕರಣ ಡೌನ್‌ಟೌನ್‌ನದಲ್ಲದಿದ್ದರೂ ಇದೇ ಪ್ರಶ್ನೆಯನ್ನು ನೇರವಾಗಿ ಎದುರಿಸಿತು. ರೇಸ್‌ಟ್ರ್ಯಾಕ್‌ನ ಪಾರ್ಕಿಂಗ್‌ಗಾಗಿ ಪಕ್ಕದ ಗುಜರಿ ಲೋಹ ಮರುಬಳಕೆ ಕಂಪನಿಯ 148.5 ಎಕರೆ ಪಡೆಯಲು ಹೋದ ಪ್ರಾಧಿಕಾರಕ್ಕೆ ರಾಜ್ಯದ ಸುಪ್ರೀಂ ಕೋರ್ಟ್ 2002ರಲ್ಲಿ ಅಡ್ಡಬಂದಿತು. ತನ್ನ ನೆಲದಲ್ಲೇ ಬಹುಮಹಡಿ ಪಾರ್ಕಿಂಗ್ ಕಟ್ಟಲು ರೇಸ್‌ಟ್ರ್ಯಾಕ್‌ಗೆ ಸಾಧ್ಯವಿತ್ತು, ಅದಕ್ಕೆ ಖರ್ಚು ಹೆಚ್ಚು ಅಷ್ಟೆ ಎಂಬುದನ್ನು ನ್ಯಾಯಾಲಯ ಗಮನಿಸಿತು.

ಕೆಲೊ ತೀರ್ಪು

ಕನೆಕ್ಟಿಕಟ್‌ನ ನ್ಯೂ ಲಂಡನ್ ನಗರ, ಫೈಜರ್ ಔಷಧ ಕಂಪನಿಯ ಸಂಶೋಧನಾ ಕೇಂದ್ರ ಬರುವುದನ್ನು ನೆಚ್ಚಿಕೊಂಡು ಪಕ್ಕದ ಫೋರ್ಟ್ ಟ್ರಂಬುಲ್ ಪ್ರದೇಶವನ್ನು ಪುನರಭಿವೃದ್ಧಿಗೆ ಎತ್ತಿಕೊಂಡಿತು. ಸ್ವಾಧೀನವನ್ನು ಪ್ರಶ್ನಿಸಿದ ಕೆಲೊ ಮತ್ತಿತರ ಅರ್ಜಿದಾರರ 15 ಆಸ್ತಿಗಳಲ್ಲಿ 11 ಇದ್ದ ಭಾಗಕ್ಕೆ ಯೋಜನೆಯಲ್ಲಿ ನಿಶ್ಚಿತ ಉದ್ದೇಶವೇ ಇರಲಿಲ್ಲ: ಉದ್ಯಾನಕ್ಕೆ ಬರುವವರ ಪಾರ್ಕಿಂಗ್ ಅಥವಾ ಅಂಗಡಿ, ಇಲ್ಲವೇ ದೋಣಿ ತಂಗುದಾಣಕ್ಕೆ ಪೂರಕ ಸೌಲಭ್ಯ ಎಂದಷ್ಟೇ ಬರೆದಿತ್ತು. 2005ರ ಜೂನ್ 23ರಂದು ಸುಪ್ರೀಂ ಕೋರ್ಟ್ 5–4 ಬಹುಮತದಿಂದ ಆರ್ಥಿಕ ಅಭಿವೃದ್ಧಿಯೂ ಸಾರ್ವಜನಿಕ ಬಳಕೆಯೇ ಎಂದಿತು. ಬಹುಮತದ ತೀರ್ಪು ನ್ಯಾಯಮೂರ್ತಿ ಜಾನ್ ಪಾಲ್ ಸ್ಟೀವನ್ಸ್ ಅವರದು. ಸಾಂಡ್ರಾ ಡೇ ಓಕಾನರ್ ಪ್ರಮುಖ ಭಿನ್ನಮತ ಬರೆದರು.

ತೀರ್ಪಿಗೆ ದೇಶದಾದ್ಯಂತ ವಿರೋಧ ಎದ್ದು, 40ಕ್ಕೂ ಹೆಚ್ಚು ರಾಜ್ಯಗಳು ತಮ್ಮ ಕಾನೂನು ಬಿಗಿಗೊಳಿಸಿದವು. ಆರ್ಥಿಕ ಲಾಭವೊಂದೇ ಸಾಲದು ಎಂದು ಓಹಾಯೊದ ಸುಪ್ರೀಂ ಕೋರ್ಟ್ 2006ರ ನಾರ್ವುಡ್ ಪ್ರಕರಣದಲ್ಲಿ ಹೇಳಿತು. ನೆವಾಡದ ಮತದಾರರು 2006 ಮತ್ತು 2008ರಲ್ಲಿ ಇಂಥ ಸ್ವಾಧೀನಕ್ಕೆ ಮಿತಿ ಹಾಕುವ ರಾಜ್ಯ ಸಂವಿಧಾನದ ತಿದ್ದುಪಡಿಯನ್ನು ಅನುಮೋದಿಸಿದರು. ಫೈಜರ್ ಮಾತ್ರ 2009ರಲ್ಲಿ ನ್ಯೂ ಲಂಡನ್ ತೊರೆಯುವುದಾಗಿ ಪ್ರಕಟಿಸಿತು. ವಶಪಡಿಸಿಕೊಂಡ ನೆಲ ವರ್ಷಗಟ್ಟಲೆ ಖಾಲಿ ಬಿದ್ದಿತ್ತು.

ಪರಿಹಾರದ ಮಿತಿ

ರಸ್ತೆ ಅಗಲಗೊಳಿಸಲು ಅಂಗಡಿಯ ಸ್ವಂತ ಪಾರ್ಕಿಂಗ್‌ನ ಒಂದು ಪಟ್ಟಿ ಹೋದರೆ ಆ ನೆಲದ ಬೆಲೆಯ ಜೊತೆಗೆ ಉಳಿದ ಆಸ್ತಿಯ ಮೌಲ್ಯ ಕುಸಿದದ್ದಕ್ಕೂ ಪರಿಹಾರ ಕೇಳಬಹುದು. ಕನಿಷ್ಠ ಪಾರ್ಕಿಂಗ್ ನಿಯಮವಿರುವ ಊರಿನಲ್ಲಿ ಕೆಲವು ಜಾಗ ಹೋದರೂ ಕಟ್ಟಡ ನಿಯಮಕ್ಕೆ ಹೊರತಾಗಬಹುದಾದ್ದರಿಂದ ಈ ಲೆಕ್ಕ ತೊಡಕಿನದು. ಆದರೆ ರಸ್ತೆಬದಿಯ ಪಾರ್ಕಿಂಗ್ ತೆಗೆದರೆ, ಏಕಮುಖ ಸಂಚಾರ ಮಾಡಿದರೆ ಅಥವಾ ನಡುವೆ ವಿಭಜಕ ಹಾಕಿದರೆ ಅದು ಸಂಚಾರ ನಿಯಂತ್ರಣದ ಅಧಿಕಾರಕ್ಕೆ ಸೇರಿದ್ದು. ಅಂಗಡಿಗೆ ಹೋಗಿಬರುವ ದಾರಿ ಉಳಿದಿದ್ದರೆ ಸಾಮಾನ್ಯವಾಗಿ ಪರಿಹಾರವಿಲ್ಲ. ಬಾಡಿಗೆ ಅಂಗಡಿಕಾರನ ಕೈ ಇನ್ನೂ ಕಟ್ಟಿರುತ್ತದೆ. ಕೇಂದ್ರದ ಹಣದ ಯೋಜನೆಗಳಲ್ಲಿ ಸ್ಥಳಾಂತರದ ಖರ್ಚನ್ನು 1970ರ ಕಾಯ್ದೆ ಕೊಡಿಸಿತಾದರೂ, ವರ್ಷಗಳಿಂದ ಗಳಿಸಿದ ಗಿರಾಕಿಗಳ ನಷ್ಟವನ್ನು ಬಹುತೇಕ ರಾಜ್ಯಗಳು ಲೆಕ್ಕಕ್ಕೆ ಹಿಡಿಯಲಿಲ್ಲ. 1975ರಲ್ಲಿ ಅದನ್ನು ಶಾಸನಕ್ಕೆ ಸೇರಿಸಿದ ಕ್ಯಾಲಿಫೋರ್ನಿಯ ಇದಕ್ಕೆ ಅಪವಾದ.

ಪರವಾನಗಿಯ ಷರತ್ತುಗಳು

ಒರೆಗಾನ್‌ನ ಟಿಗಾರ್ಡ್ ಡೌನ್‌ಟೌನ್‌ನಲ್ಲಿ ಕೊಳಾಯಿ ಮತ್ತು ವಿದ್ಯುತ್ ಸಾಮಾನಿನ ಅಂಗಡಿಯನ್ನು ದೊಡ್ಡದು ಮಾಡಿ 39 ಕಾರುಗಳ ಪಾರ್ಕಿಂಗ್ ಹಾಕಲು ಮಾಲೀಕರು ಅನುಮತಿ ಕೇಳಿದರು. ನೆರೆ ಬರುವ ತೊರೆಯಂಚಿನ ಜಾಗವನ್ನೂ ಸೈಕಲ್ ದಾರಿಗೆ 15 ಅಡಿಯ ಪಟ್ಟಿಯನ್ನೂ ಬಿಟ್ಟುಕೊಡಬೇಕೆಂದು ನಗರ ಷರತ್ತು ಹಾಕಿತು. 1994ರ ಡೋಲನ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ 5–4ರಿಂದ ಮಾಲೀಕರ ಪರ ನಿಂತು, ಷರತ್ತಿನ ಭಾರ ಕಟ್ಟಡದಿಂದಾಗುವ ಪರಿಣಾಮಕ್ಕೆ ಸರಿಸುಮಾರು ಅನುಗುಣವಾಗಿರಬೇಕು ಎಂಬ ಅಳತೆ ಕೊಟ್ಟಿತು. ಶಾಸನಸಭೆ ಎಲ್ಲರಿಗೂ ಒಂದೇ ಎಂದು ಗೊತ್ತುಮಾಡಿದ ಶುಲ್ಕಗಳೂ ಈ ಪರೀಕ್ಷೆಯಿಂದ ತಾನಾಗಿ ಹೊರಗುಳಿಯುವುದಿಲ್ಲ ಎಂದು 2024ರ ಶೀಟ್ಜ್ ಪ್ರಕರಣದಲ್ಲಿ ಅದು ಸರ್ವಾನುಮತದಿಂದ ಹೇಳಿತು.

ಈಚಿನ ಬದಲಾವಣೆಗಳು

ಅರ್ಥಶಾಸ್ತ್ರಜ್ಞ ಡೊನಾಲ್ಡ್ ಶೂಪ್ 2005ರ ತಮ್ಮ ಗ್ರಂಥದಲ್ಲಿ, ಉಚಿತ ಪಾರ್ಕಿಂಗ್‌ನ ವೆಚ್ಚ ಬಾಡಿಗೆಯಲ್ಲೂ ಸರಕಿನ ಬೆಲೆಯಲ್ಲೂ ಸೇರಿಕೊಂಡಿದೆ ಎಂದು ವಾದಿಸಿದರು. 2017ರಲ್ಲಿ ಬಫಲೊ ನಗರ ಕನಿಷ್ಠ ಪಾರ್ಕಿಂಗ್ ನಿಯಮಗಳನ್ನು ಕೈಬಿಟ್ಟಿತು. ಪ್ರಮುಖ ಸಾರಿಗೆ ನಿಲ್ದಾಣಗಳಿಂದ ಅರ್ಧ ಮೈಲಿಯೊಳಗೆ ಇಂಥ ನಿಯಮ ಹೇರುವುದನ್ನು ಕ್ಯಾಲಿಫೋರ್ನಿಯ 2022ರ ಕಾಯ್ದೆಯಿಂದ ಬಹುಮಟ್ಟಿಗೆ ತಡೆಯಿತು. ಇದರಿಂದ ಹೊಸದಾಗಿ ಕಟ್ಟುವವರ ಆಸ್ತಿ ಹಕ್ಕು ಹಿಗ್ಗಿತು. ರಸ್ತೆಬದಿಯ ಜಾಗವನ್ನೇ ನಂಬಿದ ಹಳೆಯ ಅಂಗಡಿಕಾರನಿಗೆ ನ್ಯಾಯಾಲಯದಲ್ಲಿ ಇನ್ನೂ ಗಟ್ಟಿ ನೆಲೆಯಿಲ್ಲದ ಕಾರಣ, ಅವನ ಅಹವಾಲು ನಗರ ಸಭೆಯ ವಿಚಾರಣೆ ಮತ್ತು ಸ್ಥಳೀಯ ಚುನಾವಣೆಗಳಲ್ಲೇ ತೀರ್ಮಾನವಾಗಬೇಕಿದೆ.