ಬಿಸಿಲಿನಿಂದ ಚರ್ಮದ ರಕ್ಷಣೆ: ಉಡುಪಿನ ಬಟ್ಟೆಯ ಆಯ್ಕೆ ಕುರಿತು ಸಾರ್ವಜನಿಕರಿಗೆ ಮಾಹಿತಿ

ಕಾರ್ಕಳ ತಾಲ್ಲೂಕಿನ ನಿಟ್ಟೆ ಗ್ರಾಮವು ಭೂಮಧ್ಯರೇಖೆಯಿಂದ ಸುಮಾರು 13 ಡಿಗ್ರಿ ಉತ್ತರದಲ್ಲಿದೆ. ಇಲ್ಲಿ ಏಪ್ರಿಲ್ ಕೊನೆಯ ವಾರದಲ್ಲಿ ಹಾಗೂ ಆಗಸ್ಟ್ ಮಧ್ಯಭಾಗದಲ್ಲಿ ಸೂರ್ಯನು ನೇರವಾಗಿ ನೆತ್ತಿಯ ಮೇಲೆ ಬರುತ್ತಾನೆ. ಗಡಿಯಾರದಲ್ಲಿ ಆಗ ಹನ್ನೆರಡೂವರೆ ಗಂಟೆಯಾಗಿರುತ್ತದೆ. ಅದರ ಹಿಂದುಮುಂದಿನ ಎರಡೆರಡು ಗಂಟೆಗಳಲ್ಲಿ ನೇರಳಾತೀತ ಕಿರಣಗಳು ಅತ್ಯಂತ ಪ್ರಬಲವಾಗಿರುತ್ತವೆ. ಇವು ಕಣ್ಣಿಗೆ ಕಾಣುವುದಿಲ್ಲ, ಶಾಖವನ್ನೂ ತೋರ್ಪಡಿಸುವುದಿಲ್ಲ. ಆದುದರಿಂದ ಮೈಗೆ ತಂಪೆನಿಸುವ ಬಟ್ಟೆಯು ಚರ್ಮವನ್ನು ಕಾಪಾಡುತ್ತಿದೆಯೆಂದು ಭಾವಿಸುವುದು ಸರಿಯಲ್ಲ. ಗದ್ದೆ, ಕಲ್ಲುಕೋರೆ ಹಾಗೂ ಕಟ್ಟಡ ಕಾಮಗಾರಿಗಳಲ್ಲಿ ದಿನವಿಡೀ ದುಡಿಯುವವರಿಗೆ ಈ ವ್ಯತ್ಯಾಸವು ಮುಖ್ಯವಾದುದು.

ಬಟ್ಟೆಯು ಎಷ್ಟು ಕಿರಣಗಳನ್ನು ತಡೆಯುತ್ತದೆ ಎಂಬುದನ್ನು ಯುಪಿಎಫ್ ಎಂಬ ಅಂಕಿಯಿಂದ ಸೂಚಿಸಲಾಗುತ್ತದೆ. ಯುಪಿಎಫ್ 50 ಇರುವ ಬಟ್ಟೆಯು ಐವತ್ತರಲ್ಲಿ ಒಂದು ಪಾಲನ್ನು, ಅಂದರೆ ಶೇ. 2ರಷ್ಟನ್ನು ಮಾತ್ರ ಒಳಬಿಡುತ್ತದೆ. ಈ ಕುರಿತ ಮೊದಲ ಮಾನಕವನ್ನು ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್ ದೇಶಗಳು 1996ರಲ್ಲಿ ಪ್ರಕಟಿಸಿದವು. ಅದರಂತೆ ರಕ್ಷಣೆಯ ದರ್ಜೆ ಪಡೆಯಲು ಕನಿಷ್ಠ 15 ಅಗತ್ಯ. ತೆಳುವಾದ ಬಿಳಿ ಹತ್ತಿಯ ಬನಿಯನ್ನಿನಂಥ ಬಟ್ಟೆಯು ಸಾಮಾನ್ಯವಾಗಿ ಈ ಮಟ್ಟವನ್ನು ಮುಟ್ಟುವುದಿಲ್ಲ; ಬೆವರಿನಿಂದ ತೊಯ್ದಾಗ ಅದರ ಅಂಕಿ ಇನ್ನಷ್ಟು ಇಳಿಯುತ್ತದೆ.

ನೇಯ್ಗೆಯ ಒತ್ತು ಎಲ್ಲಕ್ಕಿಂತ ಮುಖ್ಯವಾದ ಅಂಶ. ಎಳೆಗಳ ನಡುವಿನ ಸಂದುಗಳ ಮೂಲಕವೇ ಹೆಚ್ಚಿನ ಕಿರಣಗಳು ನುಸುಳುತ್ತವೆ. ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದಲ್ಲಿ ಇದು ಅಂಗಡಿಯಲ್ಲಿಯೇ ತಿಳಿಯುತ್ತದೆ. ಗಾಢ ಬಣ್ಣವು ತಿಳಿ ಬಣ್ಣಕ್ಕಿಂತ ಹೆಚ್ಚು ಕಿರಣಗಳನ್ನು ಹೀರಿಕೊಳ್ಳುತ್ತದೆ. ಚಲುವೆ ಮಾಡದ ಹತ್ತಿಯಲ್ಲಿ ಸಹಜ ವರ್ಣದ್ರವ್ಯಗಳು ಉಳಿದಿರುವುದರಿಂದ ಅದು ಚಲುವೆ ಮಾಡಿದ ಹತ್ತಿಗಿಂತ ಮೇಲು. ಪಾಲಿಯೆಸ್ಟರ್ ನೂಲು ಕಿರಣಗಳನ್ನು ಚೆನ್ನಾಗಿ ತಡೆಯುತ್ತದೆಯಾದರೂ ಕರಾವಳಿಯ ಸೆಕೆಯಲ್ಲಿ ಅದನ್ನು ದಿನವಿಡೀ ಧರಿಸುವುದು ಕಷ್ಟವೆಂಬುದು ಎಲ್ಲರಿಗೂ ತಿಳಿದ ವಿಷಯ. ಹೊಸ ಹತ್ತಿ ಬಟ್ಟೆಯು ಒಗೆದಾಗ ಕುಗ್ಗಿ ಸಂದುಗಳು ಕಿರಿದಾಗುತ್ತವೆ. ಬಿಗಿಯಾಗಿ ಎಳೆದುಕೊಂಡಾಗ ಅವೇ ಸಂದುಗಳು ಅಗಲವಾಗುವುದರಿಂದ ಸಡಿಲವಾದ ಉಡುಪೇ ಲೇಸು.

2016ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಉಡುಪಿ ಕೈಮಗ್ಗದ ಸೀರೆಯು ಹಗುರವಾದ ಹತ್ತಿ ಸೀರೆಯಾಗಿದ್ದು ಗಾಳಿಯಾಡಲು ಅನುಕೂಲವಾಗಿದೆ. ನೆರಿಗೆಗಳಿರುವಲ್ಲಿ ಹಲವು ಪದರಗಳು ಸೇರಿ ಉತ್ತಮ ತಡೆಯಾಗುತ್ತವೆ. ಹೆಗಲು ಮತ್ತು ತೋಳುಗಳಿಗೆ ಮಾತ್ರ ಒಂದೇ ಪದರ, ಇಲ್ಲವೇ ಏನೂ ಇರುವುದಿಲ್ಲ. ನಾಟಿ ಕೆಲಸದ ಮಹಿಳೆಯರು ಸೀರೆಯ ಮೇಲೆ ಗಂಡಸರ ಉದ್ದ ತೋಳಿನ ಅಂಗಿ ಧರಿಸುವ ರೂಢಿಯು ಈ ಕೊರತೆಯನ್ನು ತುಂಬುವ ಸರಳ ಉಪಾಯವಾಗಿದೆ.

ಅಡಿಕೆ ಹಾಳೆಯ ಮುಟ್ಟಾಳೆಯು ತಲೆಯನ್ನು ಸಂಪೂರ್ಣ ಮರೆಮಾಡುತ್ತದೆ. ಆದರೆ ಅದಕ್ಕೆ ಅಂಚು ಇಲ್ಲದಿರುವುದರಿಂದ ಕಿವಿ, ಮೂಗು ಹಾಗೂ ಕತ್ತಿನ ಹಿಂಭಾಗ ಬಿಸಿಲಿಗೆ ತೆರೆದಿರುತ್ತವೆ. ಮುಟ್ಟಾಳೆಯ ಕೆಳಗೆ ಬೈರಾಸನ್ನು ಇಳಿಬಿಟ್ಟುಕೊಂಡಲ್ಲಿ ಕಿವಿ ಮತ್ತು ಕತ್ತಿಗೆ ರಕ್ಷಣೆ ದೊರೆಯುತ್ತದೆ. ಒತ್ತಾಗಿ ನೇಯ್ದ ಖಾಕಿ ಬಟ್ಟೆಯೂ ಹೊರಗಿನ ಕೆಲಸಕ್ಕೆ ಯೋಗ್ಯವಾದುದು. ಈ ಬಣ್ಣದ ಬಟ್ಟೆಯ ಇತಿಹಾಸದಲ್ಲಿ 1851ರ ಸುಮಾರಿಗೆ ಮಂಗಳೂರಿನಲ್ಲಿ ಆರಂಭವಾದ ಬಾಸೆಲ್ ಮಿಷನ್ ನೇಯ್ಗೆ ಕಾರ್ಖಾನೆಗೂ ಸ್ಥಾನವಿದೆ.

2006ರಲ್ಲಿ ಜಾರಿಗೆ ಬಂದ ಕೈಮಗ್ಗ ಗುರುತು ಬಟ್ಟೆಯು ಕೈಯಿಂದ ನೇಯ್ದದ್ದೆಂದು ದೃಢೀಕರಿಸುತ್ತದೆಯೇ ಹೊರತು ಬಿಸಿಲು ತಡೆಯುವ ಗುಣವನ್ನಲ್ಲ. ಖರೀದಿದಾರರು ಎರಡನ್ನೂ ಒಂದೆಂದು ತಿಳಿಯಬಾರದು.

ಹುಟ್ಟಿನಿಂದಲೇ ಚರ್ಮ ಹಾಗೂ ಕಣ್ಣುಗಳಲ್ಲಿ ವರ್ಣದ್ರವ್ಯದ ಕೊರತೆಯಿರುವ, ಅಂದರೆ ಆಲ್ಬಿನಿಸಂ ಇರುವ ವ್ಯಕ್ತಿಗಳ ವಿಷಯದಲ್ಲಿ ಮೇಲಿನ ಎಚ್ಚರಿಕೆಯು ಸಲಹೆಯಷ್ಟೇ ಅಲ್ಲ, ಅನಿವಾರ್ಯವಾಗಿದೆ. ಇವರಲ್ಲಿ ಚರ್ಮದ ಕ್ಯಾನ್ಸರ್‌ನ ಅಪಾಯವು ಹೆಚ್ಚು. ಶಾಲಾ ಮಕ್ಕಳಾಗಿದ್ದಲ್ಲಿ ಸಮವಸ್ತ್ರದ ಅರ್ಧ ತೋಳಿನ ಬದಲು ಪೂರ್ಣ ತೋಳಿನ ಅಂಗಿಗೆ ಅನುಮತಿ ಕೋರಿ ಪೋಷಕರು ಮುಖ್ಯೋಪಾಧ್ಯಾಯರಿಗೆ ಲಿಖಿತ ಮನವಿ ನೀಡುವುದು ಸೂಕ್ತ. ಆಲ್ಬಿನಿಸಂನ ಹೆಸರು ವಿಕಲಚೇತನರ ಹಕ್ಕುಗಳ ಅಧಿನಿಯಮ, 2016ರ ಪಟ್ಟಿಯಲ್ಲಿ ಪ್ರತ್ಯೇಕವಾಗಿಲ್ಲ. ಆದರೆ ಮಂದದೃಷ್ಟಿಯು ಸದರಿ ಪಟ್ಟಿಯಲ್ಲಿದ್ದು, ನಿಗದಿತ ಮಟ್ಟಕ್ಕಿಂತ ದೃಷ್ಟಿ ಕಡಿಮೆಯಿರುವವರು ಆ ಶೀರ್ಷಿಕೆಯಡಿ ವಿಶಿಷ್ಟ ಗುರುತಿನ ಚೀಟಿಗೆ ಸ್ವಾವಲಂಬನ್ ಜಾಲತಾಣದಲ್ಲಿ ಅರ್ಜಿ ಸಲ್ಲಿಸಬಹುದಾಗಿದೆ. ಅರ್ಜಿಯಲ್ಲಿ ಚರ್ಮದ ತೊಂದರೆಯನ್ನಷ್ಟೇ ಬರೆಯದೆ ದೃಷ್ಟಿದೋಷವನ್ನು ಸ್ಪಷ್ಟವಾಗಿ ನಮೂದಿಸತಕ್ಕದ್ದು.