ಚುಕ್ಕೆಯ ಸಾಲಿನ ಒಡೆಯ ಯಾರು? ಹಿಂದೂಪುರ–ಕಲ್ಯಾಣದುರ್ಗ ಸೀಮೆಯ ಭೂವಿವಾದಗಳ ಮರುಪರಿಶೀಲನೆ

ಲೇಪಾಕ್ಷಿ ನಾಲೆಡ್ಜ್ ಹಬ್ ಕುರಿತು ಕನ್ನಡದಲ್ಲಿ ನಾನು ಓದಿರುವ ಬರಹಗಳಲ್ಲಿ ಹೆಚ್ಚಿನವು ಬೆಂಗಳೂರಿನ ಕನ್ನಡಕ ಹಾಕಿಕೊಂಡೇ ಬರೆದವು. ಬೆಂಗಳೂರಿನಲ್ಲಿ ಭೂವಿವಾದ ಎಂದರೆ ಡಿನೋಟಿಫಿಕೇಶನ್, ಮಾಸ್ಟರ್ ಪ್ಲಾನ್, ಹಸಿರು ವಲಯವನ್ನು ವಸತಿ ವಲಯವಾಗಿಸಿದ ಒಂದು ಸಹಿ. ಅದೇ ಚೌಕಟ್ಟನ್ನು ಗಡಿ ದಾಟಿಸಿ ಆಂಧ್ರದ ಚಿಲಮತ್ತೂರು, ಗೋರಂಟ್ಲದ ಹೊಲಗಳ ಮೇಲೆ ಹೊದಿಸಿ, 'ಭೂಬಳಕೆ ಬದಲಾವಣೆಯ ಹಗರಣ' ಎಂದು ಹೆಸರಿಟ್ಟಿದ್ದಾರೆ. ಬದಲಾಯಿಸಲು ಅಲ್ಲಿ ವಲಯವೇ ಇರಲಿಲ್ಲ. ಅನಂತಪುರ–ಹಿಂದೂಪುರ ನಗರಾಭಿವೃದ್ಧಿ ಪ್ರಾಧಿಕಾರ ರಚನೆಯಾದದ್ದು ರಾಜ್ಯ ವಿಭಜನೆಯ ಆಮೇಲೆ. 2008ರಲ್ಲಿ ಈ ಜಮೀನುಗಳ ಹಣೆಬರಹ ಬರೆದದ್ದು ನಗರ ಯೋಜನೆಯ ಬಣ್ಣದ ನಕ್ಷೆಯಲ್ಲ, ಕಂದಾಯ ಇಲಾಖೆಯ ಹಳೆಯ ರಿಜಿಸ್ಟರು. ಆ ರಿಜಿಸ್ಟರನ್ನು ತೆರೆಯದೆ ಈ ವಿವಾದದ ಚರಿತ್ರೆ ಬರೆಯಲು ಬರುವುದಿಲ್ಲ ಎಂಬುದು ನನ್ನ ವಾದ.

ಪ್ರಕರಣದ ಹೊರಗೆರೆ ಓದುಗರಿಗೆ ಗೊತ್ತಿರುವಂಥದ್ದೇ. ವೈ.ಎಸ್. ರಾಜಶೇಖರ ರೆಡ್ಡಿ ಸರ್ಕಾರ ಹಿಂದೂಪುರದ ಪೂರ್ವಕ್ಕಿರುವ ಚಿಲಮತ್ತೂರು, ಗೋರಂಟ್ಲ ಮಂಡಲಗಳಲ್ಲಿ 8,844 ಎಕರೆಯನ್ನು ಕೈಗಾರಿಕಾ ಮೂಲಸೌಕರ್ಯ ನಿಗಮದ ಮೂಲಕ ಇಂದು ಪ್ರಾಜೆಕ್ಟ್ಸ್ ಸಂಸ್ಥೆ ಹುಟ್ಟುಹಾಕಿದ ಕಂಪನಿಗೆ ಒಪ್ಪಿಸಿತು. ಅಲ್ಲಿ ಬರಬೇಕಿದ್ದ ಜ್ಞಾನನಗರ ಏಳಲಿಲ್ಲ. ಜಮೀನಿನ ಒಂದು ದೊಡ್ಡ ಭಾಗ ಬ್ಯಾಂಕುಗಳಿಗೆ ಅಡವಾಯಿತು. 2013ರಲ್ಲಿ ಸಿಬಿಐ ಆರೋಪಪಟ್ಟಿ ಸಲ್ಲಿಸಿತು, ಜಾರಿ ನಿರ್ದೇಶನಾಲಯ ಆಸ್ತಿ ಜಪ್ತಿಗೆ ಇಳಿಯಿತು. ಇಂದು ಪ್ರಾಜೆಕ್ಟ್ಸ್ ದಿವಾಳಿ ಪ್ರಕ್ರಿಯೆಗೆ ಸಿಕ್ಕಿ, 4,000ಕ್ಕೂ ಹೆಚ್ಚು ಎಕರೆ ಸುಮಾರು 500 ಕೋಟಿ ರೂಪಾಯಿಗೆ ಇನ್ನೊಂದು ಕೂಟದ ಪಾಲಾಗುವ ಪ್ರಸ್ತಾಪ 2022ರಲ್ಲಿ ಮತ್ತೆ ಗದ್ದಲ ಎಬ್ಬಿಸಿತು. (ಆರೋಪಪಟ್ಟಿ ತೀರ್ಪಲ್ಲ. ಅದರ ವಾಕ್ಯಗಳನ್ನು ಸಾಬೀತಾದ ಸಂಗತಿಗಳಂತೆ ಎತ್ತಿ ಬರೆಯುವ ಅಭ್ಯಾಸ ಪತ್ರಿಕೆಗೆ ಕ್ಷಮ್ಯವಿದ್ದೀತು, ಸಂಶೋಧನೆಗೆ ಅಲ್ಲ.)

ಕಾಲವನ್ನೂ ಗಮನಿಸಬೇಕು. ದೇವನಹಳ್ಳಿಯ ವಿಮಾನ ನಿಲ್ದಾಣ ಕೆಲಸ ಆರಂಭಿಸಿದ್ದು 2008ರ ಮೇ ತಿಂಗಳಲ್ಲಿ. ಕೊಡಿಕೊಂಡ ಚೆಕ್‌ಪೋಸ್ಟಿನ ಆಚೆ ಹೆದ್ದಾರಿಗೆ ಅಂಟಿಕೊಂಡಿದ್ದ ಕಡಲೆಕಾಯಿ ಹೊಲಗಳು ಅಂದಿನಿಂದ ಒಂದು ಗಂಟೆ ಚಿಲ್ಲರೆ ದಾರಿಯಲ್ಲಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣವಿರುವ ಹೊಲಗಳಾದವು. ಆಂಧ್ರದ ನೆಲಕ್ಕೆ ಕರ್ನಾಟಕದ ರನ್‌ವೇ ಬೆಲೆ ಕಟ್ಟಿತು. ಇಷ್ಟರಮಟ್ಟಿಗೆ ಬೆಂಗಳೂರಿನ ಕನ್ನಡಕ ಉಪಯೋಗಕ್ಕೆ ಬರುತ್ತದೆ. ಅದರಾಚೆಗೆ ಬಾರದು.

ಈಗ ರಿಜಿಸ್ಟರಿಗೆ ಬರೋಣ. ದತ್ತ ಮಂಡಲಗಳಲ್ಲಿ 1800ರಿಂದ 1807ರವರೆಗೆ ಮನ್ರೋ ಹಾಕಿದ ರೈತವಾರಿ ತಳಹದಿ, 1882ರಲ್ಲಿ ಬಳ್ಳಾರಿಯಿಂದ ಬೇರೆಯಾದ ಅನಂತಪುರ ಜಿಲ್ಲೆ, ಆಮೇಲಿನ ಸರ್ವೆ ಮತ್ತು ಜಮಾಬಂದಿಗಳ ಕಥೆಯನ್ನು ಇಲ್ಲಿ ಮತ್ತೆ ಹೇಳುವ ಅಗತ್ಯವಿಲ್ಲ. ನನಗೆ ಬೇಕಾದದ್ದು ಅವುಗಳ ಕೊನೆಯ ಫಲವಾಗಿ ಉಳಿದ ಪುನರ್ವ್ಯವಸ್ಥಾ ರಿಜಿಸ್ಟರು, ತಾಲೂಕು ಕಚೇರಿಯ ಮಾತಿನಲ್ಲಿ 'ಆರ್‌ಎಸ್‌ಆರ್'. ಸರ್ವೆ ನಂಬರು, ಖುಷ್ಕಿಯೋ ತರಿಯೋ, ತರಂ (ಮಣ್ಣಿನ ದರ್ಜೆ), ತೀರುವೆ (ಕಂದಾಯ), ಕೊನೆಗೆ ಪಟ್ಟಾದಾರನ ಹೆಸರು. ಈ ಹೆಸರಿನ ಅಂಕಣದಲ್ಲಿ ಸಾವಿರಾರು ಸರ್ವೆ ನಂಬರುಗಳ ಎದುರು ಹೆಸರಿಲ್ಲ, ಸಾಲಾಗಿ ಚುಕ್ಕೆಗಳಿವೆ. ಆಂಧ್ರದಲ್ಲಿ 'ಚುಕ್ಕಲ ಭೂಮುಲು' ಎಂದು ಕರೆಯುವುದು ಇವನ್ನೇ.

ಚುಕ್ಕೆ ಎಂದರೆ ಸರ್ಕಾರಿ ಎಂಬುದು ರೂಢಿಯ ಓದು. ಇದನ್ನು ಒಬ್ಬ ವಿದ್ವಾಂಸನ ತಲೆಗೆ ಕಟ್ಟುವುದು ಸರಿಯಾಗದು. ದಶಕಗಳ ಕಾಲ ಕಂದಾಯ ಅಧಿಕಾರಿಗಳು ಹೀಗೆ ಓದಿದರು, ನೋಂದಣಿ ಕಚೇರಿಗಳು ಅನುಸರಿಸಿದವು, ಬರೆಯುವವರು ಒಪ್ಪಿಕೊಂಡರು. 2007ರಲ್ಲಿ ಆಂಧ್ರಪ್ರದೇಶ ನೋಂದಣಿ ಕಾಯಿದೆಗೆ 22-ಎ ಕಲಮನ್ನು ಸೇರಿಸಿ, ನೋಂದಣಿ ಮಾಡಬಾರದ ಜಮೀನುಗಳ ಪಟ್ಟಿಗೆ ದಾರಿ ಮಾಡಿದಾಗ ಈ ಓದಿಗೆ ಹಲ್ಲು ಬಂತು. ಮೂರು ತಲೆಮಾರು ಉತ್ತವನು ಮಗಳ ಮದುವೆಗೆಂದು ಅರ್ಧ ಎಕರೆ ಮಾರಲು ಹೋದರೆ, ನಿಮ್ಮ ಸರ್ವೆ ನಂಬರು ನಿಷೇಧಿತ ಪಟ್ಟಿಯಲ್ಲಿದೆ ಎಂಬ ಉತ್ತರ ಸಿಗುವ ಸ್ಥಿತಿ ಬಂತು.

ಈ ಓದು ತಪ್ಪು ಎನ್ನಲು ನನ್ನ ಮೊದಲ ಆಧಾರ ಅದೇ ರಿಜಿಸ್ಟರಿನಲ್ಲಿದೆ. ಸರ್ಕಾರಿ ಜಮೀನನ್ನು ಬರೆಯಲು ಗುಮಾಸ್ತನಿಗೆ ಮಾತುಗಳ ಕೊರತೆಯಿರಲಿಲ್ಲ. ದಾರಿ, ಹಳ್ಳ, ಸ್ಮಶಾನಗಳಿಗೆ ಪೋರಂಬೋಕು ಎಂದು ಬರೆದ. ತೀರುವೆ ಕಟ್ಟಿಯೂ ಯಾರ ವಶಕ್ಕೂ ಹೋಗದ ಜಮೀನಿಗೆ ಅನಾಧೀನಂ ಎಂದು ಬರೆದ. ಇಷ್ಟೆಲ್ಲ ಇದ್ದೂ ಒಂದು ನಂಬರಿನ ಎದುರು ಏನನ್ನೂ ಬರೆಯದೆ ಚುಕ್ಕೆ ಇಟ್ಟಿದ್ದಾನೆಂದರೆ, ಇದು ಸರ್ಕಾರದ್ದೆಂದು ಹೇಳಲು ಅವನು ಸಿದ್ಧನಿರಲಿಲ್ಲ ಎಂದೇ ಅರ್ಥ. ಒಡೆತನ ತೀರ್ಮಾನವಾಗಿರಲಿಲ್ಲ. ಹಕ್ಕುದಾರ ಊರು ಬಿಟ್ಟಿರಬಹುದು, ಅಣ್ಣತಮ್ಮಂದಿರ ವ್ಯಾಜ್ಯವಿರಬಹುದು, ಕರೆದ ದಿನ ಯಾರೂ ಬಾರದೇ ಇದ್ದಿರಬಹುದು. 1876–78ರ ಬರದಲ್ಲಿ ಈ ಸೀಮೆಯ ಹಳ್ಳಿಗಳು ಖಾಲಿಯಾದದ್ದನ್ನು ನೆನೆದರೆ, ಆಮೇಲಿನ ತಲೆಮಾರಿನ ಒಂದು ರಿಜಿಸ್ಟರಿನಲ್ಲಿ ಹೆಸರಿಲ್ಲದ ಸಾಲುಗಳಿರುವುದು ಅಚ್ಚರಿಯಲ್ಲ.

ಎದುರುವಾದಿಗಳು ಇಲ್ಲಿ 1905ರ ಮದರಾಸು ಭೂ ಒತ್ತುವರಿ ಕಾಯಿದೆಯನ್ನು ತೆಗೆಯುತ್ತಾರೆ. ಬೇರೆಯವರದ್ದಲ್ಲದ ಜಮೀನೆಲ್ಲ ಸರ್ಕಾರದ್ದು ಎಂದು ಅದರ ಎರಡನೆಯ ಕಲಮು ಸಾರುವುದು ನಿಜ. ಅರ್ಧ ಓದಿ ನಿಲ್ಲಿಸಿದವರಿಗೆ ಅಷ್ಟೇ ಕಾಣುತ್ತದೆ. ಅದೇ ಕಲಮು ತನ್ನ ಘೋಷಣೆಯಿಂದ ಹೊರಗಿಡುವ ವರ್ಗಗಳಲ್ಲಿ ರೈತವಾರಿ ಹಿಡುವಳಿದಾರನೂ ಒಬ್ಬ. ಹಾಗಿದ್ದ ಮೇಲೆ ಪ್ರಶ್ನೆ ಚುಕ್ಕೆಯದ್ದಲ್ಲ, ಆ ನೆಲದ ಮೇಲೆ ನಿಂತವನು ಏನೆಂದು ಕಂದಾಯ ಕಟ್ಟಿದ ಎಂಬುದು.

ಇದನ್ನು ಪರೀಕ್ಷಿಸಲು ಸಾಧನವಿದೆ. ಯಾರೂ ಅದನ್ನು ಮುಟ್ಟದಿರುವುದೇ ನನ್ನ ಅಸಹನೆಗೆ ಕಾರಣ. ಸರ್ಕಾರಿ ನೆಲವನ್ನು ಅನುಮತಿಯಿಲ್ಲದೆ ಉತ್ತವನು ಶಿವಾಯಿ ಜಮಾದಾರ. ಅವನಿಗೆ ಅದೇ ಕಾಯಿದೆಯಡಿ ಬಿ-ಮೆಮೊ ಕೊಟ್ಟು ದಂಡ ವಸೂಲು ಮಾಡುತ್ತಿದ್ದರು. ರೈತನಿಂದಲಾದರೆ ಫಸಲಿಗೆ ಫಸಲಿ ತೀರುವೆ ವಸೂಲಾಗಿ ಊರ ಲೆಕ್ಕಿಗ ಕರಣಂ ಇಡುತ್ತಿದ್ದ 10(1) ಖಾತೆಯಲ್ಲಿ ಏರುತ್ತಿತ್ತು. ಚುಕ್ಕೆಯ ನಂಬರಿನ ಮೇಲೆ ಬಿ-ಮೆಮೊ ಇದ್ದರೆ ಸರ್ಕಾರ ಅಂದು ಅದನ್ನು ತನ್ನದೆಂದು ತಿಳಿದಿತ್ತು ಎನ್ನಬಹುದು. ದಂಡವಿಲ್ಲದೆ ಬರೀ ತೀರುವೆ ವಸೂಲಾಗಿದ್ದರೆ ಅವನನ್ನು ರೈತನೆಂದು ಒಪ್ಪಿದ ಹಾಗೆ. ಆರ್‌ಎಸ್‌ಆರ್ ಒಂದನ್ನೇ ಹಿಡಿದು ಕೂತವರಿಗೆ ಈ ವ್ಯತ್ಯಾಸ ಸಿಗದು. ಅಡಂಗಲ್ ಎಂಬ ಬೆಳೆ ಲೆಕ್ಕ, 10(1), ವಸೂಲಿ ಲೆಕ್ಕ ಮೂರನ್ನೂ ಪಕ್ಕಪಕ್ಕ ಇಟ್ಟು ಓದಬೇಕು.

ಈ ಲೆಕ್ಕಗಳು ಎಲ್ಲಿ ಹೋದವು ಎಂಬುದಕ್ಕೆ ಒಂದು ರಾಜಕೀಯ ಉತ್ತರವಿದೆ. 1984ರ ಜನವರಿಯಲ್ಲಿ ಎನ್.ಟಿ. ರಾಮರಾವ್ ಸರ್ಕಾರ ಮುನಸೀಬು, ಕರಣಂ ಹುದ್ದೆಗಳನ್ನು ಒಂದೇ ಸುಗ್ರೀವಾಜ್ಞೆಯಿಂದ ರದ್ದು ಮಾಡಿತು. ವಂಶಪಾರಂಪರ್ಯದ ದಬ್ಬಾಳಿಕೆ ಮುರಿಯಲು ಅದು ಬೇಕಿತ್ತು, ಈ ಬಗ್ಗೆ ನನಗೆ ಎರಡು ಮಾತಿಲ್ಲ. ಆದರೆ ಲೆಕ್ಕದ ಕಟ್ಟುಗಳು ಕರಣಂ ಮನೆಯ ಅಟ್ಟದಲ್ಲಿ ಉಳಿದವೋ, ಮಂಡಲ ಕಚೇರಿಗೆ ಬಂದವೋ, ಗೆದ್ದಲಿನ ಪಾಲಾದವೋ ಎಂದು ಊರೂರಿಗೆ ವಿಚಾರಿಸಿದವರು ಕಡಿಮೆ. (ರಾಮರಾವ್ ಮರುವರ್ಷ ಹಿಂದೂಪುರದಿಂದಲೇ ಗೆದ್ದರು, 1989 ಮತ್ತು 1994ರಲ್ಲೂ ಗೆದ್ದರು. ತಮ್ಮ ಕ್ಷೇತ್ರದ ಲೆಕ್ಕಗಳಿಗೆ ತಮ್ಮದೇ ಸುಗ್ರೀವಾಜ್ಞೆಯಿಂದ ಏನಾಯಿತೆಂದು ಅವರನ್ನು ಯಾರಾದರೂ ಕೇಳಿದ್ದರೆ ಚೆನ್ನಾಗಿತ್ತು.)

ನನ್ನ ಎರಡನೆಯ ಆಧಾರ ಶಾಸನಸಭೆಯದ್ದು. 2017ರಲ್ಲಿ ಆಂಧ್ರಪ್ರದೇಶ ಚುಕ್ಕೆ ಭೂಮಿಗಳಿಗೆಂದೇ ಒಂದು ಕಾಯಿದೆ ತಂದಿತು. ಚುಕ್ಕೆ ನೆಲ ಸರ್ಕಾರದ್ದೇ ಆಗಿದ್ದಲ್ಲಿ ಅದನ್ನು ರೈತನಿಗೆ ಕೊಡುವ ದಾರಿ ಮೊದಲೇ ಇತ್ತು: ಕಂದಾಯ ಮಂಡಳಿಯ 15ನೆಯ ಸ್ಥಾಯಿ ಆದೇಶದ ಪ್ರಕಾರ ಭೂಹೀನ ಬಡವನಿಗೆ ಎರಡೂವರೆ ಎಕರೆ ತರಿ ಅಥವಾ ಐದು ಎಕರೆ ಖುಷ್ಕಿ ಅಸೈನ್ ಮಾಡಬಹುದಿತ್ತು. ಸರ್ಕಾರ ಆ ದಾರಿ ಹಿಡಿಯಲಿಲ್ಲ. ಹೊಸ ಕಾಯಿದೆ ಮಾಡಿದ್ದು ರಿಜಿಸ್ಟರನ್ನು ತಿದ್ದಿ ಪೂರ್ತಿಗೊಳಿಸುವ ಕೆಲಸ, ಬೇಡಿದ್ದು ಹನ್ನೆರಡು ವರ್ಷದ ಅನುಭೋಗದ ಪುರಾವೆ. ದಾನಕ್ಕೆ ಬಡತನದ ಪುರಾವೆ ಬೇಕು, ಹಕ್ಕಿಗೆ ಅನುಭೋಗದ ಪುರಾವೆ ಬೇಕು. ಸರ್ಕಾರ ಎರಡನೆಯದನ್ನು ಕೇಳಿತೆಂದರೆ ತನ್ನ ಹಳೆಯ ಓದನ್ನು ತಾನೇ ಕೈಬಿಟ್ಟಿತು ಎಂದಾಯಿತು. 2023ರ ಮೇ ತಿಂಗಳಲ್ಲಿ ಮುಂದಿನ ಸರ್ಕಾರ ಎರಡು ಲಕ್ಷಕ್ಕೂ ಹೆಚ್ಚು ಎಕರೆಯ ಚುಕ್ಕೆಗಳನ್ನು ಒಟ್ಟಾಗಿ ತೆಗೆಯಿತು. ಎರಡು ಎದುರಾಳಿ ಪಕ್ಷಗಳು ಒಂದೇ ತೀರ್ಮಾನಕ್ಕೆ ಬಂದ ಅಪರೂಪದ ವಿಷಯ ಇದು.

ಒಂದು ಮಾತು ಸೇರಿಸಲೇಬೇಕು. ಚುಕ್ಕೆಯೆಲ್ಲ ಮುಗ್ಧವಲ್ಲ. ಕೆರೆಯಂಗಳವೂ ಗುಡ್ಡದ ಇಳಿಜಾರೂ ಚುಕ್ಕೆಯ ಮರೆಯಲ್ಲಿರಬಹುದು. ಪಟ್ಟಿಯಲ್ಲಿ ಸಿಕ್ಕಿಕೊಂಡಿದ್ದ ದಿನಗಳಲ್ಲಿ ರೈತನಿಂದ ಬಿಡಿಗಾಸಿಗೆ ಕರಾರು ಬರೆಸಿಕೊಂಡವನಿಗೂ ಚುಕ್ಕೆ ತೆಗೆದದ್ದರ ಲಾಭ ಹೋದೀತು. ಒಟ್ಟಾಗಿ ತೆಗೆಯುವ ಬದಲು ನಾನು ಮೇಲೆ ಹೇಳಿದ ವಸೂಲಿ ಲೆಕ್ಕದ ಪರೀಕ್ಷೆ ನಡೆದಿದ್ದರೆ ಈ ಅನುಮಾನಕ್ಕೆ ಎಡೆಯಿರುತ್ತಿರಲಿಲ್ಲ.

ಇಷ್ಟನ್ನು ಹಿಡಿದುಕೊಂಡು ಲೇಪಾಕ್ಷಿಗೆ ಮರಳಿದರೆ ಪ್ರಶ್ನೆಯ ಮುಖ ಬದಲಾಗುತ್ತದೆ. ಎಕರೆಗೆ ಎಷ್ಟು ರೂಪಾಯಿಗೆ ಕೊಟ್ಟರು ಎಂಬಲ್ಲಿಂದ ಎಲ್ಲರೂ ಶುರುಮಾಡುತ್ತಾರೆ. ಕೊಡುವ ಮೊದಲು ಅದು ಸರ್ಕಾರದ್ದೆಂದು ಹೇಗಾಯಿತು ಎಂಬಲ್ಲಿಂದ ಶುರುವಾಗಬೇಕು. ಕೈಗಾರಿಕೆಗೆ ಜಮೀನು ಹುಡುಕುವಾಗ ಕಚೇರಿ ಮೊದಲು ತೆಗೆಯುವುದು ಸರ್ಕಾರಿ ಜಮೀನಿನ ಪಟ್ಟಿ, ಆಮೇಲೆ ಅಸೈನ್ಡ್ ಪಟ್ಟಿ, ಕೊನೆಗೆ ಪಟ್ಟಾ ಜಮೀನು. ಈ ಮೂರರಲ್ಲಿ ಯಾವುದರಲ್ಲಿದ್ದೀಯ ಎಂಬುದರ ಮೇಲೆ ಉತ್ತವನ ಪಾಲು ನಿಂತಿದೆ. ಅಸೈನ್ಡ್ ಜಮೀನು ಮಾರುವಂತಿಲ್ಲ ಎಂದು 1977ರ ಕಾಯಿದೆ ಹೇಳಿತ್ತು. ಸರ್ಕಾರ ಅದನ್ನು ಸಾರ್ವಜನಿಕ ಕೆಲಸಕ್ಕೆ ವಾಪಸು ಪಡೆದರೆ ಪಟ್ಟಾದಾರನಿಗೆ ಸಮನಾದ ಪರಿಹಾರ ಕೊಡಬೇಕೆಂದು ಮೇಕಲ ಪಾಂಡು ಪ್ರಕರಣದಲ್ಲಿ ಆಂಧ್ರ ಉಚ್ಚ ನ್ಯಾಯಾಲಯದ ವಿಸ್ತೃತ ಪೀಠ 2004ರಲ್ಲಿ ತೀರ್ಪಿತ್ತಿತ್ತು. ಹೆಸರಿದ್ದವನಿಗೆ ಈ ತೀರ್ಪಿನ ಆಸರೆ ಇತ್ತು, ಚುಕ್ಕೆಯವನಿಗೆ ಇರಲಿಲ್ಲ. ಕದಿರಿ ಕಡೆಯ ನಂಬುಲಪೂಲಕುಂಟದ ಸೌರ ಪಾರ್ಕಿನಲ್ಲೂ ಪಟ್ಟಾ ಇಲ್ಲದೆ ಉಳುತ್ತಿದ್ದವರ ಪರಿಹಾರವೇ ಜಗಳದ ಮೂಲವಾಯಿತು. ಬಿಲ್ಡರ್ ಯಾರು, ಮಂತ್ರಿ ಯಾರು ಎಂಬ ಚರ್ಚೆಯಲ್ಲಿ ಈ ವರ್ಗದ ಜನ ಕಾಣದಂತಾಗುತ್ತಾರೆ.

ಉಪೇಕ್ಷೆಗೊಳಗಾದ ಇನ್ನೊಂದು ಆಕರ ಮಹಾಲೇಖಪಾಲರ ವರದಿ. 2006ರಿಂದ 2011ರ ನಡುವಿನ ಭೂ ಹಂಚಿಕೆಯನ್ನು ಪರಿಶೀಲಿಸಿ 2012ರಲ್ಲಿ ಸದನದ ಮುಂದೆ ಬಂದ ಈ ವರದಿ ಆ ಅವಧಿಯಲ್ಲಿ 88,492 ಎಕರೆ 1,027 ಫಲಾನುಭವಿಗಳಿಗೆ ಹೋಯಿತೆಂದು ಲೆಕ್ಕ ಕೊಟ್ಟಿತು. ಲೇಪಾಕ್ಷಿಯ 8,844 ಎಕರೆಯನ್ನು ಈ ಮೊತ್ತದ ಪಕ್ಕದಲ್ಲಿಟ್ಟು ನೋಡಿ: ಹತ್ತನೆಯ ಒಂದು ಪಾಲಿನಷ್ಟು, ಎರಡೇ ಮಂಡಲಗಳಲ್ಲಿ, ಒಂದೇ ಕಂಪನಿಗೆ. ನಮ್ಮವರಿಗೆ ಈ ವರದಿಗಿಂತ ಲೇಪಾಕ್ಷಿ ದೇವಾಲಯ ಕಟ್ಟಿಸಿದ ವಿರೂಪಣ್ಣನ ಕಣ್ಣಿನ ಕಥೆ ಹೆಚ್ಚು ಇಷ್ಟ. ಲೇಪಾಕ್ಷಿ ಎಂದ ಕೂಡಲೇ ಅಚ್ಯುತರಾಯನ ಬೊಕ್ಕಸದಿಂದ ಆರಂಭಿಸಿ, ಹದಿನಾರನೆಯ ಶತಮಾನದಿಂದ ಇಪ್ಪತ್ತೊಂದಕ್ಕೆ ಒಂದೇ ನೆಗೆತ ನೆಗೆಯುವ ಲೇಖನಗಳನ್ನು ಓದಿ ಸಾಕಾಗಿದೆ. ಆ ದೇವಾಲಯದ ಕನ್ನಡ ಶಾಸನಗಳ ಭೂದಾನಗಳು ಬೇರೆಯೇ ಅಧ್ಯಯನ ಬೇಡುತ್ತವೆ. ಈ ವಿವಾದಕ್ಕೆ ಅವು ಪೀಠಿಕೆಯಲ್ಲ.

ಕಲ್ಯಾಣದುರ್ಗದ ವಿಷಯ ಬೇಗ ಮುಗಿಯುತ್ತದೆ, ಏಕೆಂದರೆ ಅಲ್ಲಿ ಹಗರಣವಿಲ್ಲ. ಹಗರಣವಿಲ್ಲದಿದ್ದರೂ ನೆಲ ಬದಲಾಗಿದೆ. ಬ್ರಹ್ಮಸಮುದ್ರ, ಬೆಳುಗುಪ್ಪ ಕಡೆಯ ಗುಡ್ಡಗಳಲ್ಲಿ ಗಾಳಿಯಂತ್ರಗಳು ಎದ್ದದ್ದು ಸಾವಿರಾರು ಎಕರೆಯ ಒಂದೇ ಆದೇಶದಿಂದಲ್ಲ. ಒಂದೊಂದು ಕಂಬಕ್ಕೆ ಒಂದೊಂದು ತುಂಡು, ಒಂದೊಂದು ಕರಾರು, 2006ರ ಕಾಯಿದೆಯಂತೆ ಶುಲ್ಕ ಕಟ್ಟಿ ಕೃಷಿಯೇತರವೆಂದು ಮಾಡಿಸಿಕೊಂಡ ಒಂದೊಂದು ಪರಿವರ್ತನೆ. ತುಂಡುತುಂಡಾಗಿ ನಡೆದದ್ದಕ್ಕೆ ಸಿಬಿಐ ಬರುವುದಿಲ್ಲ, ಪತ್ರಿಕೆಯ ಮುಖಪುಟವೂ ಸಿಗುವುದಿಲ್ಲ. ಚರಿತ್ರೆ ಬರೆಯುವವನಿಗೆ ಇದು ಲೇಪಾಕ್ಷಿಗಿಂತ ಕಷ್ಟದ ಸಾಮಗ್ರಿ. ಬಹುಶಃ ಹೆಚ್ಚು ಮುಖ್ಯವಾದದ್ದೂ ಹೌದು.

ಗಡಿನಾಡ ಕನ್ನಡದ ಬಗ್ಗೆ ಕಾಳಜಿಯಿರುವ ನಮ್ಮ ವಿದ್ವಾಂಸರು ಮಡಕಶಿರ, ಹಿಂದೂಪುರ, ಕಲ್ಯಾಣದುರ್ಗಗಳನ್ನು 1953ರಲ್ಲಿ ಕೈತಪ್ಪಿದ ನೆಲವೆಂದು ಮಾತ್ರ ನೋಡುತ್ತ ಬಂದಿದ್ದಾರೆ. ಯಾವ ರಾಜ್ಯಕ್ಕೆ ಸೇರಬೇಕಿತ್ತು ಎಂಬ ವಾದದಲ್ಲಿ ಆ ನೆಲ ಯಾರ ಕೈಯಲ್ಲಿತ್ತು ಎಂಬುದು ಮರೆತೇಹೋಯಿತು. ಈಗ ಹೆದ್ದಾರಿಯ ಪಕ್ಕದಲ್ಲಿ, ಪಾಲಸಮುದ್ರದಲ್ಲಿ ಕೇಂದ್ರದ ಸುಂಕ ತರಬೇತಿ ಅಕಾಡೆಮಿ ಬಂದಿದೆ, ಪೆನುಕೊಂಡದ ಬಳಿ ಕಿಯಾ ಕಾರ್ಖಾನೆ ನಿಂತಿದೆ. ಮುಂದಿನ ಹಂಚಿಕೆಗಳೂ ಬರುತ್ತವೆ. ಅದಕ್ಕೆ ಮೊದಲು ಆಗಬೇಕಾದ ಕೆಲಸ ಒಂದಿದೆ. ಶ್ರೀ ಸತ್ಯಸಾಯಿ ಜಿಲ್ಲಾಡಳಿತ ಚಿಲಮತ್ತೂರು, ಗೋರಂಟ್ಲ ಮಂಡಲಗಳ ಪುನರ್ವ್ಯವಸ್ಥಾ ರಿಜಿಸ್ಟರನ್ನೂ ಉಳಿದಿರುವ 10(1) ಲೆಕ್ಕಗಳನ್ನೂ 8,844 ಎಕರೆಯ ಸರ್ವೆ ನಂಬರುಗಳೊಂದಿಗೆ ತಾಳೆ ಹಾಕಿ ಊರುವಾರು ಪ್ರಕಟಿಸಬೇಕು. ಕನ್ನಡ, ತೆಲುಗು ಎರಡನ್ನೂ ಓದಬಲ್ಲ ಯುವ ಸಂಶೋಧಕರು ಅಷ್ಟರವರೆಗೆ ಕಾಯದೆ ಕರಣಂ ಮನೆಗಳಲ್ಲಿ ಉಳಿದಿರುವ ಲೆಕ್ಕದ ಕಟ್ಟುಗಳನ್ನು ಹುಡುಕಲು ಹೊರಡಲಿ.