ಶ್ರೀರಂಗಪಟ್ಟಣದ ಸೆರೆ: ಚಿತ್ರಗಳನ್ನು ಸಾಕ್ಷಿಯಾಗಿ ಓದುವ ಬಗೆ

ಮಂಡ್ಯ ಜಿಲ್ಲೆಯಲ್ಲಿ ಸೆರೆಯ ಚರಿತ್ರೆ ಎಂದೊಡನೆ ನೆನಪಾಗುವುದು ಶ್ರೀರಂಗಪಟ್ಟಣದ ಕರ್ನಲ್ ಬೈಲಿ ಬಂದೀಖಾನೆ. ದುದ್ದ, ಬಸರಾಳು ಕಡೆಯವರು ಪ್ರವಾಸಕ್ಕೆ ಹೋದಾಗ ಅದನ್ನು ನೋಡದೆ ಬರುವುದಿಲ್ಲ. ಸುಮಾರು 30 ಮೀಟರ್ ಉದ್ದ, 12 ಮೀಟರ್ ಅಗಲದ, ಇಟ್ಟಿಗೆ ಗಾರೆಯ ಕಮಾನುಗಳ ನೆಲಮಾಳಿಗೆ. ಗೋಡೆಯಲ್ಲಿ ತೂತಿರುವ ಕಲ್ಲುಚಪ್ಪಡಿಗಳಿವೆ. ಕೈದಿಗಳ ಸರಪಳಿಯನ್ನು ಅವಕ್ಕೆ ಬಿಗಿಯುತ್ತಿದ್ದರೆಂದು ಹೇಳುತ್ತಾರೆ. ಈ ಒಂದೇ ಕಟ್ಟಡದ ಮೇಲೆ ಕಣ್ಣು ನೆಟ್ಟಿದ್ದರಿಂದ ಶ್ರೀರಂಗಪಟ್ಟಣದ ಇಡೀ ನಡುಗಡ್ಡೆಯೇ ಒಂದು ಕಾಲಕ್ಕೆ ಸೆರೆಯ ನೆಲವಾಗಿತ್ತೆಂಬುದು ಮರೆಯಾಗಿದೆ ಎಂಬುದು ಈ ಟಿಪ್ಪಣಿಯ ವಾದ. ಮರೆಯಾಗಿಸಿದ್ದರಲ್ಲಿ ಚಿತ್ರಗಳ ಪಾಲು ದೊಡ್ಡದು. ಅದನ್ನು ಮತ್ತೆ ಕಾಣುವುದಕ್ಕೂ ಚಿತ್ರವೇ ದಾರಿ.

ಇಂಗ್ಲಿಷ್ ಸೇನಾಧಿಕಾರಿ ವಿಲಿಯಂ ಬೈಲಿ ಮೈಸೂರು ಸೈನ್ಯಕ್ಕೆ ಸೆರೆಸಿಕ್ಕಿದ್ದು 1780ರ ಸೆಪ್ಟೆಂಬರ್ 10ರ ಪೊಳ್ಳಿಲೂರು ಕದನದಲ್ಲಿ. 1782ರ ನವೆಂಬರ್‌ನಲ್ಲಿ ಶ್ರೀರಂಗಪಟ್ಟಣದಲ್ಲಿಯೇ ತೀರಿಕೊಂಡ. ಆ ಸೋಲಿನ ಚಿತ್ರ 1784ರಲ್ಲಿ ಕಟ್ಟಿದ ದರಿಯಾ ದೌಲತ್ ಅರಮನೆಯ ಪಶ್ಚಿಮ ಗೋಡೆಯ ಮೇಲಿದೆ: ನಾಲ್ಕೂ ಕಡೆ ಮುತ್ತಿಗೆಯಾದ ಚೌಕ ವ್ಯೂಹ, ಸಿಡಿಯುತ್ತಿರುವ ಮದ್ದಿನ ಬಂಡಿ, ನಡುವೆ ಪಲ್ಲಕ್ಕಿಯಲ್ಲಿ ಗಾಯಗೊಂಡ ಬೈಲಿ. ಗೆದ್ದವರು ಬರೆಸಿದ ಈ ಚಿತ್ರ ಸೆರೆಹಿಡಿದ ಗಳಿಗೆಗೇ ನಿಲ್ಲುತ್ತದೆ; ಸೆರೆಯೊಳಗಿನ ಬದುಕು ಅದರಲ್ಲಿಲ್ಲ. ಜೊತೆಗೆ, 1799ರಲ್ಲಿ ಕೋಟೆ ಇಂಗ್ಲಿಷರ ವಶವಾದ ನಂತರ ಇಲ್ಲಿ ವಾಸವಿದ್ದ ಆರ್ಥರ್ ವೆಲ್ಲೆಸ್ಲಿ ಈ ಚಿತ್ರಗಳನ್ನು ದುರಸ್ತಿ ಮಾಡಿಸಿದ. 1850ರ ದಶಕದಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿಯ ಆದೇಶದಂತೆ ಮತ್ತೆ ಬಣ್ಣ ಬಿತ್ತು. ಸೋತವರ ಕಡೆಯವರೇ ತಮ್ಮ ಸೋಲಿನ ಚಿತ್ರಕ್ಕೆ ಎರಡು ಸಲ ಬಣ್ಣ ಹಾಕಿಸಿದಂತಾಯಿತು. ಇದನ್ನು ಟಿಪ್ಪುವಿನ ಕಾಲದ ನೇರ ಸಾಕ್ಷಿ ಎಂದು ಬಳಸುವವರು ಯಾವ ಪದರ ಯಾರದು ಎಂಬ ಪ್ರಶ್ನೆಯನ್ನು ಮೊದಲು ಎತ್ತಿಕೊಳ್ಳಬೇಕು.

ಇಂಗ್ಲಿಷರ ಚಿತ್ರಗಳ ತೊಡಕು ಬೇರೆ ಬಗೆಯದು. ಗವರ್ನರ್ ಜನರಲ್ ಕಾರ್ನ್‌ವಾಲಿಸ್‌ನ ಸೈನ್ಯದ ಜೊತೆ ಬಂದ ರಾಬರ್ಟ್ ಹೋಮ್, 1794ರಲ್ಲಿ ಮೈಸೂರು ಸೀಮೆಯ ನೋಟಗಳನ್ನು ಅಚ್ಚು ಹಾಕಿಸಿದ. ಶಿಬಿರದಲ್ಲಿ ನಿಂತು ಕೋಟೆಯನ್ನು ದೂರದಿಂದ ಕಂಡ ಕಣ್ಣು ಅದು. 1792ರಲ್ಲಿ ಟಿಪ್ಪು ತನ್ನ ಇಬ್ಬರು ಮಕ್ಕಳನ್ನು ಒತ್ತೆಯಾಗಿ ಒಪ್ಪಿಸಬೇಕಾಗಿ ಬಂದಾಗ ಆ ದೃಶ್ಯವನ್ನೂ ಹೋಮ್ ಬರೆದ. ಅಲ್ಲಿ ಒತ್ತೆಯಾಳುಗಳ ಕೈಹಿಡಿದು ಬರಮಾಡಿಕೊಳ್ಳುವ ಕಾರ್ನ್‌ವಾಲಿಸ್ ಮಮತೆಯ ತಂದೆಯಂತೆ ಕಾಣುತ್ತಾನೆ. ತಾವು ಇಟ್ಟ ಸೆರೆಯನ್ನು ಸೆರೆಯೆಂದು ತೋರಿಸದ ಚಿತ್ರ ಅದು.

ಬಂದೀಖಾನೆಯ ಕಲ್ಪನೆಗೆ ಗಟ್ಟಿ ರೂಪ ಕೊಟ್ಟದ್ದು ಇನ್ನೂ ತಡವಾಗಿ ಬಂದ ಒಂದು ಚಿತ್ರ. ಪೊಳ್ಳಿಲೂರಿನಲ್ಲಿ ಸಿಕ್ಕಿಬಿದ್ದು ಮೂರೂವರೆ ವರ್ಷಕ್ಕೂ ಹೆಚ್ಚು ಕಾಲ ಸೆರೆಯಲ್ಲಿದ್ದ ಡೇವಿಡ್ ಬೇರ್ಡ್, 1799ರ ಮೇ 4ರಂದು ಕೋಟೆಗೆ ಲಗ್ಗೆ ಹಾಕಿದವರ ಮುಂದಾಳು. ಅವನ ವಿಧವೆ ಬರೆಸಿದ, ಡೇವಿಡ್ ವಿಲ್ಕಿ 1839ರಲ್ಲಿ ಮುಗಿಸಿದ ಭಾರೀ ಚಿತ್ರದಲ್ಲಿ ಟಿಪ್ಪುವಿನ ಶವದ ಮುಂದೆ ಬೇರ್ಡ್ ನಿಂತಿದ್ದಾನೆ. ಅವನ ಕಾಲಡಿಯಲ್ಲಿ ನೆಲಮಾಳಿಗೆಯ ಕಂಬಿಕಿಂಡಿ: ಅವನು ನರಳಿದ ಸೆರೆಯ ಗುರುತು. ವಿಲ್ಕಿ ಭಾರತಕ್ಕೆ ಬಂದವನೇ ಅಲ್ಲ. ಸೆರೆ ಮತ್ತು ಸೇಡನ್ನು ಒಂದೇ ಚೌಕಟ್ಟಿಗೆ ತರಲು ಕಲಾವಿದ ಮಾಡಿದ ಜೋಡಣೆ ಅದು. ಆದರೆ ಅಧಿಕಾರಿ ಕೈದಿಗಳು ಬರೆದಿಟ್ಟ ವಿವರಗಳಲ್ಲಿ ಕಾಣುವುದು ಸುತ್ತುಗೋಡೆಯ ಅಂಗಳ, ಅದರಂಚಿನ ಮಾಡು, ಕಾಲಿಗೆ ಬೇಡಿ, ಕಾವಲು. ಕ್ರಾಮ್‌ವೆಲ್ ಮಾಸಿ ಎಂಬ ಕೈದಿ ಕದ್ದುಮುಚ್ಚಿ ಬರೆದ ಪುಟ್ಟ ದಿನಚರಿ ಉಳಿದಿದೆ. ಹುಡುಗನಾಗಿದ್ದಾಗಲೇ ಸಿಕ್ಕಿಬಿದ್ದ ನಾವಿಕ ಜೇಮ್ಸ್ ಸ್ಕರಿಯ ಕಥನ 1824ರಲ್ಲಿ ಅಚ್ಚಾಯಿತು. ಇವನ್ನು ಓದಿದ ಮೇಲೆ, ಎಲ್ಲ ಕೈದಿಗಳನ್ನೂ ಕಮಾನಿನ ಕತ್ತಲೆಗೆ ತಳ್ಳಿದ್ದರೆಂಬ ಚಿತ್ರಣವನ್ನು ನಾನು ಒಪ್ಪಲಾರೆ. ಆದರೂ ಆ ಚಿತ್ರಣ ಬೇರೂರಿತ್ತು: 1895ರಲ್ಲಿ ಥಾಮಸ್ ಇನ್‌ಮನ್ ಎಂಬಾತ ಕೋಟೆಯಲ್ಲಿ ಇನ್ನೊಂದು ನೆಲಮಾಳಿಗೆ ಪತ್ತೆ ಮಾಡಿದಾಗ ಅದಕ್ಕೂ ಬಂದೀಖಾನೆಯೆಂಬ ಹೆಸರೇ ಬಿತ್ತು.

ಇನ್ನು ಯಾರ ಚಿತ್ರದಲ್ಲೂ ಇಲ್ಲದವರು. 1784ರಲ್ಲಿ ಕೆನರಾ ಕರಾವಳಿಯ ಕ್ರೈಸ್ತರನ್ನು ಘಟ್ಟ ಹತ್ತಿಸಿ ಇಲ್ಲಿಗೆ ತಂದರು. ಸಂಖ್ಯೆ ಒಂದೊಂದು ಮೂಲದಲ್ಲಿ ಒಂದೊಂದು ಬಗೆ, ಆದರೆ ಸಾವಿರಾರು ಮಂದಿ ಎನ್ನುವುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಕೊಡವರೂ ಸೆರೆಯಾಗಿ ಬಂದರು. ನಡುಗಡ್ಡೆಯ ಗಂಜಾಂ ಪೇಟೆಯನ್ನು ತುಂಬಿಸಲು ಶಿರಾದಿಂದ 12,000 ಕುಟುಂಬಗಳನ್ನು ಕರೆತರಲಾಯಿತೆಂದು ಗೆಜೆಟಿಯರ್ ಹೇಳುತ್ತದೆ. 1796ರಲ್ಲಿ ಚಾಮರಾಜ ಒಡೆಯರು ತೀರಿಕೊಂಡ ಮೇಲೆ ರಾಜಮನೆತನವನ್ನೇ ಅರಮನೆಯಿಂದ ಹೊರಡಿಸಿ ಬಡ ಮನೆಯಲ್ಲಿಟ್ಟರು. ಬೇಡಿ ಹಾಕಿದ ಕೈದಿ, ಒಕ್ಕಲೆಬ್ಬಿಸಿ ತಂದ ಶಿರಾದ ಕುಟುಂಬ, ಕಾವಲಿನಲ್ಲಿದ್ದ ರಾಣಿ, ಇವರೆಲ್ಲರ ಪಾಡು ಒಂದೇ ಅಲ್ಲ. ಆದರೂ ಹೊಳೆಯೇ ಗೋಡೆಯಾದ ಒಂದೇ ನೆಲದಲ್ಲಿ, ಬಿಟ್ಟು ಹೋಗುವ ಹಕ್ಕಿಲ್ಲದೆ ಬಾಳಿದವರು ಅವರು.

ಹೊರದೇಶದ ಸೆರೆ ವಸಾಹತುಗಳಲ್ಲಿ ಕೈದಿಗಳೇ ಬರೆದ ಚಿತ್ರಗಳು ಸಿಗುತ್ತವೆ. ಫ್ರೆಂಚ್ ಗಯಾನಾದ ಇರಾಕುಬೊ ಚರ್ಚಿನ ಒಳಗೋಡೆಗಳನ್ನು 1890ರ ದಶಕದಲ್ಲಿ ಚಿತ್ರಿಸಿದ ಪಿಯೆರ್ ಹ್ಯುಗೆ ಅಲ್ಲಿನ ಕೈದಿಯೇ. ಶ್ರೀರಂಗಪಟ್ಟಣದ ವಿಷಯದಲ್ಲಿ ಅಂಥ ಆಸರೆ ಇಲ್ಲದಿರುವಾಗ ಚಿತ್ರವನ್ನು ನಾವೇ ಬರೆಯಬೇಕು. ಮುತ್ತಿಗೆಯ ಕಾಲದ ನಕ್ಷೆಗಳನ್ನು ಇಂದಿನ ಗ್ರಾಮನಕ್ಷೆಯ ಮೇಲಿಟ್ಟು ಪೇಟೆ, ಕಂದಕ, ಹೊಳೆ ದಾಟುವ ಜಾಗಗಳನ್ನು ಗುರುತಿಸಬಹುದು. ನೆಲಮಾಳಿಗೆಗಳಲ್ಲಿ ಬೆಳಗ್ಗೆ, ಮಧ್ಯಾಹ್ನ, ಸಂಜೆ ಬೆಳಕು ಎಲ್ಲಿಯವರೆಗೆ ಬರುತ್ತದೆಂದು ಅಳತೆಯ ರೇಖಾಚಿತ್ರ ತೆಗೆದರೆ, ಅಲ್ಲಿ ಮನುಷ್ಯರು ವರ್ಷಗಟ್ಟಲೆ ಇದ್ದಿರಬಹುದೇ, ಮದ್ದುಗುಂಡು ಇಡುತ್ತಿದ್ದರೇ ಎಂಬ ಚರ್ಚೆಗೆ ಆಧಾರ ಸಿಗುತ್ತದೆ. ಫೋಟೊಗಿಂತ ರೇಖೆಯೇ ಇಲ್ಲಿ ಮೇಲು. ರೇಖೆ ಎಳೆಯುವವನು ಪ್ರತಿ ಕಲ್ಲಿನ ಮುಂದೆ ನಿಲ್ಲಬೇಕಾಗುತ್ತದೆ. ಸುಣ್ಣ ಬಳಿದ ಗೋಡೆಯಲ್ಲಿ ಹಳೆಯದು ಯಾವುದು, ದುರಸ್ತಿಯಾದದ್ದು ಯಾವುದು ಎಂಬುದು ಆಗಲೇ ಕಣ್ಣಿಗೆ ಬೀಳುವುದು. ಗಂಜಾಂನ ಹಿರಿಯರು, ಕರಾವಳಿಯ ಕ್ರೈಸ್ತ ಮನೆತನಗಳು ಕೇಳಿ ಬಲ್ಲ ದಾರಿಗಳನ್ನು ಅವರ ಕೈಯಲ್ಲೇ ಬರೆಸುವುದೂ ಆಗಬೇಕು. ಅಂಥ ನಕ್ಷೆ 1784ರ ದಾರಿಗೆ ಪುರಾವೆಯಾಗಲಾರದು. ಯಾವ ನೆನಪು ಯಾವ ಊರಿನ ಹೆಸರಿನೊಂದಿಗೆ ಉಳಿದಿದೆ ಎಂಬುದಕ್ಕೆ ಖಂಡಿತ ಪುರಾವೆ.

ದುದ್ದ ಹೋಬಳಿಯ ಮೇಷ್ಟ್ರುಗಳಲ್ಲಿ ಒಂದು ವಿನಂತಿ: ಮುಂದಿನ ಪ್ರವಾಸದಲ್ಲಿ ಮಕ್ಕಳ ಕೈಗೆ ಹಾಳೆ, ಪೆನ್ಸಿಲ್, ಅಳತೆಪಟ್ಟಿ ಕೊಡಿ. ಬಂದೀಖಾನೆಯ ಜೊತೆಗೆ ಗಂಜಾಂ ಬೀದಿಯನ್ನೂ ಬರೆಯಿಸಿ, ಹಾಳೆಯ ಮೇಲೆ ತಾರೀಖು, ಹೊತ್ತು, ನಿಂತ ಜಾಗ ನಮೂದಿಸಿ, ಶಾಲೆಯಲ್ಲಿ ಜೋಪಾನವಾಗಿ ಇಡಿ.